ಹಕ್ಕಿಗಳಿಗೆ ಬಿಟ್ಟ ಸಾಲು

“ಗುರುಗಳೇ, ಸರ್ಕಾರದ ಸಹಾಯಧನಕ್ಕೆ ಕೈಯೊಡ್ಡುವ ರೈತನಿಗೂ ಭಿಕ್ಷುಕನಿಗೂ ಏನು ವ್ಯತ್ಯಾಸ?” ಎಂದು ಶಿಷ್ಯ ಕೇಳಿದ. ಮಠದ ಪಂಕ್ತಿಯಲ್ಲಿ ನವಣೆ ಅನ್ನವನ್ನು ಎರಡು ಸಲ ಬಡಿಸಿಕೊಂಡು ಉಂಡು, ಕೈ ತೊಳೆದು ಆಗಷ್ಟೇ ಬಂದು ಕೂತಿದ್ದ.

ಗುರುಗಳು ನಕ್ಕು ಕತೆ ಹೇಳಿದರು.

ಒಬ್ಬ ರೈತನಿದ್ದ. ಅವನಿಗೆ ಒಂದೇ ಎಕರೆ ಹೊಲ, ಒಬ್ಬಳೇ ಹೆಂಡತಿ, ಒಂದೇ ಎತ್ತು. ಹೊಲವೂ ಹೆಂಡತಿಯೂ ಒಂದೊಂದೇ ಇದ್ದರೆ ನಡೆದೀತು. ಎತ್ತು ಮಾತ್ರ ಎರಡು ಬೇಕು. ಬಿತ್ತನೆಗೆ ಜೊತೆ ಎತ್ತು ಕೊಡುತ್ತಿದ್ದ ನೆರೆಯವನು ಟ್ರ್ಯಾಕ್ಟರ್ ತಂದಿದ್ದ; ಆ ವರ್ಷದ ಸುಗ್ಗಿ ಮುಗಿದ ಮೇಲೆ ತನ್ನ ಎತ್ತು ಮಾರುವವನಿದ್ದ. ಅಷ್ಟರಲ್ಲಿ ಸರ್ಕಾರ ಸಾರಿತು: ಪೂರ್ತಿ ಒಂದು ಎಕರೆ ನವಣೆ ಬೆಳೆದವರಿಗೆ ಸಹಾಯಧನ. ಗಂಡಹೆಂಡತಿ ಕೂಡಿಟ್ಟದ್ದಕ್ಕೆ ಅದು ಸೇರಿದರೆ ಎತ್ತಿಗೊಂದು ಜೊತೆ ಬರುತ್ತಿತ್ತು. ರೈತ ಅರ್ಜಿ ಹಾಕಿ, ಇಡೀ ಹೊಲಕ್ಕೆ ನವಣೆ ಬಿತ್ತಿದ.

ಬಿತ್ತುವಾಗ ಅವನದೊಂದು ರೂಢಿ, ಅಪ್ಪ ಕಲಿಸಿದ್ದು. ಬದುವಿನ ಪಕ್ಕದ ಒಂದು ಸಾಲಿನ ಬೆಳೆಯನ್ನು ಹಕ್ಕಿಗಳಿಗೆ ಬಿಡುತ್ತಿದ್ದ. “ಇದು ನಿಮ್ಮದು. ಇದರಾಚೆ ಬರಬ್ಯಾಡ್ರಿ” ಎಂದು ಆಕಾಶಕ್ಕೆ ಕೇಳುವಂತೆ ಹೇಳುತ್ತಿದ್ದ. ಹಕ್ಕಿಗಳು ಪ್ರತಿವರ್ಷವೂ ಆಚೆ ಬರುತ್ತಿದ್ದವು. ಅವನು ಪ್ರತಿವರ್ಷವೂ ಬೈಯುತ್ತಿದ್ದ. ಮರುವರ್ಷ ಮತ್ತೆ ಸಾಲು ಬಿಡುತ್ತಿದ್ದ.

ತೆನೆ ಬಾಗಿದಾಗ ಅಧಿಕಾರಿ ಬಂದ. ಹೊಲ ಅಳೆದ. ಎಕರೆಗೆ ಸರಿಹೋಯಿತು.

“ಇದಷ್ಟೂ ನಿಮ್ಮ ಬೆಳಿ ಹೌದಿಲ್ಲೋ ಯಜಮಾನ್ರ?”

ಹೌದು ಎಂದಿದ್ದರೆ ಕೆಲಸ ಮುಗಿಯುತ್ತಿತ್ತು. ರೈತ ಬದುವಿನ ಕಡೆ ನೋಡಿದ.

“ಆ ಒಂದು ಸಾಲು ಬಿಟ್ಟು ಬರಕೊಳ್ರೀ ಸಾಹೇಬ್ರ. ಅದು ಹಕ್ಕಿಗಳದ್ದು. ಮಾತು ಕೊಟ್ಟೀನಿ.”

ಹೆಂಡತಿ ಹಣೆ ಬಡಿದುಕೊಂಡಳು. “ಇವರ ಮಾತು ಕಿವಿಗೆ ಹಾಕ್ಕೋಬ್ಯಾಡ್ರೀ ಸಾಹೇಬ್ರ. ಹಕ್ಕಿ ಬಂದು ಸಾಕ್ಷಿ ಹೇಳತಾವೇನು?”

“ಪಾಲುದಾರರಿಗೆ ಆಧಾರ್ ಕಾರ್ಡ್ ಐತೇನು?” ಎಂದು ಅಧಿಕಾರಿ ಗಂಭೀರವಾಗಿಯೇ ಕೇಳಿದ.

“ಮಾಡಿಸಿಲ್ರೀ” ಎಂದು ರೈತ ತಲೆ ತಗ್ಗಿಸಿದ. ಸಾಲು ಕಳೆದರೆ ಎಕರೆ ತುಂಬದು. ಎಕರೆ ತುಂಬದಿದ್ದರೆ ಎತ್ತು ಬಾರದು. ಕೊಟ್ಟಿಗೆಯಲ್ಲಿ ಒಂಟಿಯಾಗಿ ಮೆಲುಕು ಹಾಕುವ ಎತ್ತು ಅವನ ಕಣ್ಣಿಗೆ ಕಟ್ಟಿತು. ಆದರೂ ಆಡಿದ ಮಾತನ್ನು ಅವನು ಹಿಂದಕ್ಕೆ ತೆಗೆದುಕೊಳ್ಳಲಿಲ್ಲ.

ಅಧಿಕಾರಿ ಹೋಗಿ ಬದುವಿನ ಮೇಲೆ ಕೂತ. “ಆ ಸಾಲು ಯಾರು ಬಿತ್ತಿದ್ರಿ?”

“ನಾನ ರೀ. ಕಳೆ ಇಕಿ ತೆಗೆದಳು.”

“ಮತ್ತೇನು! ಯಾರು ಬೆಳೆದ್ರು ಅಂತ ಸರ್ಕಾರ ಕೇಳೈತಿ. ಯಾರು ತಿಂತಾರ ಅಂತ ಕೇಳಿಲ್ಲ.” ಪೂರ್ತಿ ಎಕರೆ ಎಂದು ಬರೆದು, ಸಹಿ ಮಾಡಿ, ಹೆಂಡತಿ ಕೊಟ್ಟ ಮಜ್ಜಿಗೆ ಕುಡಿದು ಹೋದ.

ಹಣ ಬಂತು. ಎತ್ತಿಗೆ ಜೊತೆ ಬಂತು. ಮರುವರ್ಷ ಎರಡೂ ಎತ್ತು ಹೂಡಿ ಬಿತ್ತಿದ ರೈತ, ಈ ಬದುವಿಗೆ ಒಂದು, ಆ ಬದುವಿಗೆ ಒಂದು, ಎರಡು ಸಾಲು ಬಿಟ್ಟ.

“ಹಕ್ಕಿಗಳ ಸಂಸಾರ ಬೆಳೀತೇನು?” ಎಂದು ಹೆಂಡತಿ ಕೆಣಕಿದಳು.

“ಅವಕ್ಕ ಒಂದ ಸಾಕು. ಇನ್ನೊಂದು ಬ್ಯಾರೆಯವರಿಗೆ” ಎಂದ ರೈತ.

ಇಲ್ಲಿಗೆ ಗುರುಗಳು ಕತೆ ನಿಲ್ಲಿಸಿದರು. ಶಿಷ್ಯನಿಗೆ ತಡೆಯಲಾಗಲಿಲ್ಲ. “ಆ ಎರಡನೆಯ ಸಾಲು ಯಾರಿಗೆ, ಗುರುಗಳೇ?”

“ಇವತ್ತು ಅದನ್ನೇ ನೀನು ಎರಡು ಸಲ ಬಡಿಸಿಕೊಂಡೆಯಪ್ಪ.”