ಚಪ್ಪಟೆಯಾದ ತಟ್ಟೆ ಸ್ಪ್ರಿಂಗು

ವಿರೂಪಾಕ್ಷಿ ಮೇಸ್ತ್ರಿ ಸ್ಪ್ಯಾನರ್ ಹಿಡಿಗೆ ಉದ್ದನೆಯ ಪೈಪು ತೊಡಿಸಿ, ಮೈಭಾರವನ್ನೆಲ್ಲ ಹಾಕಿ ಜೋತುಬಿದ್ದ. ನಟ್ಟು ಕಿರುಚಿತು. ಅವನಿಗೆ ಬೇಕಾದದ್ದೂ ಅದೇ. ನಟ್ಟು ಕಿರುಚುವ ಮೊದಲು ಅವನು ಸ್ಪ್ಯಾನರ್ ಇಳಿಸಿದವನಲ್ಲ. ಆ ಸಕ್ಕರೆ ಕಾರ್ಖಾನೆಯಲ್ಲಿ ಅವನ ಕೈಗೆ ಹೆಸರಿತ್ತು.

ಅದು ಹಬೆಯ ಕೊಳವೆಯ ಜೋಡಣೆ. ಗಿರಣಿ ಓಡಿದಾಗ ಕಾದು ಹಿಗ್ಗುತ್ತಿತ್ತು, ನಿಂತಾಗ ತಣಿದು ಕುಗ್ಗುತ್ತಿತ್ತು. ಹೀಗೆ ಬೋಲ್ಟುಗಳು ಪ್ರತಿ ವರ್ಷ ಸಡಿಲಾಗುತ್ತಿದ್ದವು. ಅದಕ್ಕೆಂದೇ ಈ ಸಲ ನಟ್ಟಿನಡಿ ಹಾಕಲು ತಟ್ಟೆ ಸ್ಪ್ರಿಂಗು ತರಿಸಿದ್ದರು. ನಡುವೆ ತೂತಿದ್ದು, ಬೋಗುಣಿಯಂತೆ ಉಬ್ಬಿದ ಉಕ್ಕಿನ ಬಿಲ್ಲೆ. ಜೋಡಣೆ ಹಿಗ್ಗಿದರೆ ತಗ್ಗುತ್ತದೆ, ಕುಗ್ಗಿದರೆ ಮೇಲೇಳುತ್ತದೆ. ಹಿಡಿತ ಬಿಡುವುದಿಲ್ಲ.

ಮಗಳ ಗಂಡ ಮಲ್ಹಾರಿಯೂ ಅಲ್ಲೇ ಫಿಟ್ಟರ್. ಹಬೆ ಬಿಟ್ಟ ಮೇಲೆ ಆ ಜೋಡಣೆ ನೋಡಿಕೊಳ್ಳುವ ಕೆಲಸ ಅವನದು. ಬಗ್ಗಿ ನೋಡಿದ.

"ಮಾವಾ, ಬಿಲ್ಲೆ ಪೂರಾ ಚಪ್ಪಟಿ ಆತು. ತುಸು ಉಬ್ಬು ಉಳೀಬೇಕ್ರಿ. ಹೊಸಾವು ಹಾಕಿ, ಹಗೂರಕ ಬಿಗೀರಿ."

ಸುತ್ತ ನಿಂತವರಲ್ಲಿ ಒಬ್ಬ ಕಿಸಕ್ಕೆಂದ. "ಮೇಸ್ತ್ರಿ, ಅಳಿಯನ ಕಡೆ ಸಾಲಿ ಕಲಿಯೋ ಕಾಲ ಬಂತೇನ್ರಿ?"

ವಿರೂಪಾಕ್ಷಿ ಬಿಲ್ಲೆ ನೋಡಿದ. ಚಪ್ಪಟೆಯಾಗಿದ್ದು ನಿಜ. ಬಿಚ್ಚಬಹುದಿತ್ತು. ಅಷ್ಟು ಜನರೆದುರು ಬಿಚ್ಚಲು ಕೈ ಬರಲಿಲ್ಲ.

"ನಿನ್ನ ಕೈ ರೊಟ್ಟಿ ಬಡಿಯಾಕ ಲಾಯಕ್," ಎಂದ. "ಹೋಗು, ಹಿಟ್ಟು ನಾದು."

ಎಲ್ಲರೂ ನಕ್ಕರು. ಮಲ್ಹಾರಿ ಹೆಂಡತಿಯ ಅಪ್ಪನ ಜೊತೆ ಜಗಳ ಯಾಕೆಂದು ತನ್ನ ಕೆಲಸಕ್ಕೆ ತಿರುಗಿದ.

ಕಬ್ಬು ನುರಿಸುವುದು ಶುರುವಾಯಿತು. ಜೋಡಣೆ ಕಾದಾಗ ತಗ್ಗಲು ಬಿಲ್ಲೆಗೆ ಜಾಗವಿರಲಿಲ್ಲ. ಬೋಲ್ಟುಗಳೇ ಎಳೆದುಕೊಂಡು ಉದ್ದವಾದವು. ಆಮೇಲೆ ಕಬ್ಬು ಬಾರದೆ ಗಿರಣಿ ನಿಂತಿತು, ಕೊಳವೆ ತಣಿಯಿತು. ಅದುಮಿಸಿಕೊಂಡು ಸತ್ತಿದ್ದ ಬಿಲ್ಲೆ ಮೇಲೇಳಲಿಲ್ಲ, ಹಿಡಿತ ಸಡಿಲಾಯಿತು.

ಮತ್ತೆ ಹಬೆ ಬಿಟ್ಟರು. ಜೋಡಣೆ ಸಣ್ಣಗೆ ಸೀಟಿ ಹೊಡೆಯಿತು. ಮಲ್ಹಾರಿ ಮುಖ ಚಾಚಿ ನೋಡಿದ. ಅದೇ ಕ್ಷಣ, ಹಬೆ ಸೋರದಂತೆ ಜೋಡಣೆಯ ನಡುವೆ ಇಟ್ಟಿದ್ದ ಪ್ಯಾಕಿಂಗು ಕಿತ್ತು ಹಾರಿ, ಸುಡುವ ಹಬೆ ಅವನ ಮುಖಕ್ಕೆ ರಾಚಿತು.

ಆಸ್ಪತ್ರೆಯಲ್ಲಿ ಗಂಡನ ಮಂಚದ ಪಕ್ಕ ಕೂತಿದ್ದ ಮಗಳು ಕೇಳಿದಳು: "ಹೆಂಗ ಆತಪ್ಪಾ?"

"ಬಿಲ್ಲೆ ಕಳಪೆ ಇದ್ದವು," ಎಂದ ವಿರೂಪಾಕ್ಷಿ.

ಮಲ್ಹಾರಿ ಅದನ್ನು ಕೇಳಿಸಿಕೊಂಡ. ಅವನ ಎರಡು ಕಣ್ಣೂ ಹೋಗಿದ್ದವು.

ನೀತಿ: ಬಾಗಲು ಜಾಗ ಬಿಡದ ಬಿಗಿ ಉಳಿಯುವುದಿಲ್ಲ. ತಪ್ಪು ಕಂಡ ಮೇಲೂ ನಾಲ್ಕು ಜನರ ನಗುವಿಗೆ ಅಂಜಿ ತಿದ್ದಿಕೊಳ್ಳದವನು, ಅದರ ಬೆಲೆಯನ್ನು ಬೇರೆಯವರ ಮೈಯಿಂದ ತೆರುತ್ತಾನೆ.