ಕೊಪ್ಪರಿಗೆಯ ಪಕ್ಕ ನಿಂತವನು

“ಬಾಯಾರಿದವರಿಗೆ ನೀರು ಕೊಡದೆ ಸಾಯಲು ಬಿಟ್ಟವನಿಗೆ ನರಕದಲ್ಲಿ ಯಾವ ಶಿಕ್ಷೆ, ಗುರುಗಳೇ?” ಎಂದು ಕಲ್ಲಿನಾಥ ಕೇಳಿದ.

ಒಂದೇ ವಾರದಲ್ಲಿ ಇದು ನಾಲ್ಕನೆಯ ಸಲ. ಮಠದಲ್ಲಿದ್ದ ಪುರಾಣದ ಕಟ್ಟುಗಳನ್ನೆಲ್ಲ ಅವನು ಬಿಚ್ಚಿ ನೋಡಿದ್ದ. ಸುಳ್ಳು ಹೇಳಿದವನ ನಾಲಿಗೆ ಕೀಳುತ್ತಾರೆ. ಜೀವವಿದ್ದದ್ದನ್ನು ಬೇಯಿಸಿದವನನ್ನು ಎಣ್ಣೆಯಲ್ಲಿ ಬೇಯಿಸುತ್ತಾರೆ. ಒಂದೊಂದು ಪಾಪಕ್ಕೂ ಅಳತೆ ತೆಗೆದು ಹೊಲಿದ ಅಂಗಿಯ ಹಾಗೆ ಒಂದೊಂದು ಶಿಕ್ಷೆ. ಆದರೆ ಅವನ ಅಕ್ಕ ಜ್ವರದಲ್ಲಿ ಮೂರು ದಿನ ನೀರು ನೀರು ಎಂದು ಕೂಗಿ ಸತ್ತಾಗ ಭಾವ ಜಗಲಿಯ ಮೇಲೆ ಎಲೆ ಅಡಿಕೆ ಮೆಲ್ಲುತ್ತ ಕೂತಿದ್ದ. ಅಂಥವನಿಗೆ ಯಾವ ಶಿಕ್ಷೆಯೂ ಸಾಲುವಂತೆ ಕಾಣಲಿಲ್ಲ. ಕಲ್ಲಿನಾಥನಿಗೆ ಜಪದಲ್ಲಿ ಮನಸ್ಸು ನಿಲ್ಲದು, ತುತ್ತು ಗಂಟಲಲ್ಲಿ ಇಳಿಯದು.

ಗುರುಗಳು ಒಂದು ಕತೆ ಹೇಳಿದರು.

ಒಬ್ಬ ವರ್ತಕನಿದ್ದ. ಅವನ ಒಬ್ಬನೇ ಮಗ ಪಾಲುದಾರನ ಜೊತೆ ಸರಕಿನ ಎತ್ತುಗಳನ್ನು ಹೊಡೆದುಕೊಂಡು ಹೋದವನು ದಾರಿಯಲ್ಲಿ ಕಾಯಿಲೆ ಬಿದ್ದ. ಪಾಲುದಾರ ಅವನನ್ನು ಕಾಡಿನಲ್ಲೇ ಬಿಟ್ಟು ಎತ್ತುಗಳ ಜೊತೆ ಊರಿಗೆ ಬಂದ. ಮಗ ಸತ್ತ. ಪಾಲುದಾರ ಚೆನ್ನಾಗಿ ಉಂಡುಟ್ಟು ಮೈ ತುಂಬಿಕೊಂಡು ಓಡಾಡಿದ. ವರ್ತಕನ ಹೊಟ್ಟೆ ಉರಿಯಿತು. ಉರಿಯದೆ ಏನಾದೀತು, ಹೆತ್ತವನಲ್ಲವೇ?

ಅವನು ದಾರಿಯ ಪಕ್ಕ ಒಂದು ಛತ್ರ ಕಟ್ಟಿಸಿ ಚಿತ್ರಗಾರನನ್ನು ಕರೆಸಿದ. ಗೋಡೆ ತುಂಬ ನರಕ ಬರೆಯಬೇಕು, ಕೊಪ್ಪರಿಗೆಯಲ್ಲಿ ಬೇಯುವವನು ಯಾರೆಂದು ದಾರಿಹೋಕರಿಗೂ ಗೊತ್ತಾಗಬೇಕು ಎಂದ. ಆ ಚಿತ್ರಗಾರನ ಮನೆತನದಲ್ಲಿ ಒಂದು ಕಟ್ಟುಪಾಡಿತ್ತು. ಕಣ್ಣಾರೆ ಕಾಣದ ಮುಖವನ್ನು ಅವರು ಬರೆಯುತ್ತಿರಲಿಲ್ಲ. ಅವನು ಸಂತೆಗೆ ಎರಡು ಸಲ ಹೋಗಿ ಪಾಲುದಾರನನ್ನು ನೋಡಿಕೊಂಡು ಬಂದು ಕೊಪ್ಪರಿಗೆಯಲ್ಲಿ ಕೂರಿಸಿದ.

ವರ್ತಕ ಬೆಳಗಾದರೆ ಸಾಕು, ಛತ್ರಕ್ಕೆ ಬರುತ್ತಿದ್ದ. ಬೆಂಕಿ ಸಾಲದು ಎನ್ನುತ್ತಿದ್ದ. ಬೆಂಕಿ ಹೆಚ್ಚಾಯಿತು. ಎಣ್ಣೆ ಕುದಿಯುವಂತೆ ಕಾಣುವುದಿಲ್ಲ ಎನ್ನುತ್ತಿದ್ದ. ಎಣ್ಣೆ ಕುದಿಯಿತು. ಚೇಳು ಬಂತು, ಹಾವು ಬಂತು, ಮುಳ್ಳಿನ ಮರ ಬಂತು. ಯಾವುದೂ ಅವನ ಮನಸ್ಸಿಗೆ ಬರಲಿಲ್ಲ. ಅಂಗಡಿಯ ಬಾಗಿಲು ತೆರೆಯುವುದನ್ನೇ ಬಿಟ್ಟ. ಹೆಂಡತಿ ಕಳಿಸಿದ ಬುತ್ತಿ ಗೋಡೆಯ ಬುಡದಲ್ಲೇ ಹಳಸುತ್ತಿತ್ತು. ಆ ವರ್ಷ ಮಗನ ತಿಥಿ ಬಂದು ಹೋದದ್ದೂ ಅವನಿಗೆ ತಿಳಿಯಲಿಲ್ಲ.

ಕೊನೆಗೆ ಚಿತ್ರಗಾರ ಇನ್ನೊಂದು ಮುಖ ಬಾಕಿ ಇದೆ ಎಂದು ಗೋಡೆಗೆ ಪರದೆ ಕಟ್ಟಿ ಒಬ್ಬನೇ ಬರೆದು ಮುಗಿಸಿದ. ಪರದೆ ಸರಿಸಿದ ದಿನ ಊರೆಲ್ಲ ಸೇರಿತು. ಪಾಲುದಾರನನ್ನು ಜನ ಗುರುತು ಹಿಡಿದರು. ಆದರೆ ಯಾರೂ ಅವನನ್ನು ಬಹಳ ಹೊತ್ತು ನೋಡಲಿಲ್ಲ. ಕೊಪ್ಪರಿಗೆಯ ಪಕ್ಕದಲ್ಲಿ ಉದ್ದನೆಯ ಸೌಟು ಹಿಡಿದು ಎಣ್ಣೆ ತಿರುವುತ್ತ ನಿಂತ ಯಮದೂತನಿಗೆ ವರ್ತಕನ ಮುಖವಿತ್ತು.

ವರ್ತಕ ಚಿತ್ರಗಾರನ ಕೈ ಹಿಡಿದ. “ಮಗನನ್ನು ಕಳಕೊಂಡವನು ನಾನು. ನನ್ನನ್ನು ಯಾಕಪ್ಪಾ ನರಕದಲ್ಲಿ ನಿಲ್ಲಿಸಿದೆ?”

“ಯಮದೂತನನ್ನು ನಾನೆಲ್ಲಿ ಕಂಡಿದ್ದೇನೆ ಧಣಿ? ವರ್ಷವಿಡೀ ಇಲ್ಲಿ ನಿಂತು ಬೆಂಕಿ ಸಾಲದು ಎಂದವರು ನೀವೊಬ್ಬರೇ” ಎಂದ ಚಿತ್ರಗಾರ.

ಕಲ್ಲಿನಾಥನಿಗೆ ಸಿಟ್ಟು ಬಂತು. ಅಕ್ಕನ ನೆನಪಿಗೆ ಕಣ್ಣು ತುಂಬಿತು. “ಇದು ನ್ಯಾಯವಲ್ಲ ಗುರುಗಳೇ. ಪಾಪ ಮಾಡಿದವನು ಪಾಲುದಾರ. ಬೇಯಬೇಕಾದವನು ಅವನೇ ಅಲ್ಲವೇ?”

“ಅವನೇ ಬೇಯುತ್ತಾನೆ. ಆದರೆ ಪಾಪ ತೀರಿದ ದಿನ ಅವನು ಕೊಪ್ಪರಿಗೆಯಿಂದ ಎದ್ದು ಹೋಗುತ್ತಾನೆ; ಸೌಟು ಹಿಡಿದವನಿಗೆ ಬಿಡುಗಡೆ ಯಾವತ್ತು, ಕಲ್ಲಿನಾಥ?”