ಜೊಂಡಿನ ಮೇಲಿನ ಹಳೇ ಸಿಪ್ಪೆ

"ಹತ್ತಿರ ಬಾರೇ, ನಾನು ಹೇಳಿದೆ ಅಂತ ಎಲ್ಲೂ ಬಾಯಿಬಿಡಬೇಡ," ಎಂದು ಕೆರೆಯಂಚಿನ ಕಪ್ಪೆಯಮ್ಮ ದನಿ ತಗ್ಗಿಸಿ ಬಸವನಹುಳುವಿಗೆ ಹೇಳಿದಳು. ಹಾಗೆ ಗುಟ್ಟಾಗಿ ಹೇಳಿಸಿಕೊಂಡವರಲ್ಲಿ ಬಸವನಹುಳು ಒಂಬತ್ತನೆಯವಳು.

"ಆ ದೊಡ್ಡ ಏರೋಪ್ಲೇನ್ ಚಿಟ್ಟೆಯನ್ನು ನಾಳೆ ಕೆರೆಯ ಯಜಮಾನಿ ಮಾಡ್ತಾರಂತೆ. ಆಕಾಶದವಳಂತೆ, ಮಹಾ! ಮೊನ್ನೆವರೆಗೂ ನಮ್ಮ ಕೆಸರಲ್ಲೇ ಹುಳುವಾಗಿ ತೆವಳ್ತಿದ್ದಳು. ಕಳಚಿಟ್ಟ ಸಿಪ್ಪೆ ಇನ್ನೂ ಜೊಂಡಿಗೆ ಅಂಟಿಕೊಂಡಿದೆ. ಪಂಚಾಯ್ತಿ ಮುಂದೆ ಅದನ್ನೇ ಹಿಡೀತೀನಿ, ಯಜಮಾನಿಕೆ ಹೇಗೆ ಸಿಗುತ್ತೋ ನೋಡೋಣ!"

ಜೊಂಡಿನ ತುದಿಯಲ್ಲೇ ಕೂತು ಎಲ್ಲ ಕೇಳಿಸಿಕೊಂಡಿದ್ದ ಚಿಟ್ಟೆ ಕಪ್ಪೆಯಮ್ಮನ ಮೂತಿಯೆದುರೇ ಬಂದು ನಿಂತಳು.

"ಧಾರಾಳವಾಗಿ ತೋರಿಸಿ ಅತ್ತೆ, ಎಲ್ಲರಿಗೂ ಕಾಣಲಿ ಅಂತಲೇ ಅಲ್ಲಿ ಬಿಟ್ಟಿದ್ದೀನಿ. ಇದೇ ಕೆಸರಲ್ಲಿ ಮರಿಯಾಗಿ ಈಜುವಾಗ ನಿಮಗೊಂದು ಬಾಲ ಇತ್ತಲ್ಲ, ಅದನ್ನು ಯಾರಿಗೂ ಸಿಗದ ಹಾಗೆ ನೀವೇ ಅರಗಿಸಿಕೊಂಡುಬಿಟ್ಟಿರಾ?"